ಹಿತ್ತಲಿನ ರಬಾರ್ಬರ್ ಗೊಜ್ಜು

ಗಾರ್ಕಿಂಗ್, ಜರ್ಮನಿ
20 ಜೂನ್ 2025

ಪ್ರೀತಿಯ ವನಜಾ,

ನಾವಿಬ್ಬರೂ ಕ್ಷೇಮ. ಉತ್ತರ ತಡವಾಯಿತು, ಬೈಯಬೇಡ. ನಿನ್ನ ಭಾವನ ಮರೆವಿನ ಬಗ್ಗೆ ಡಾಕ್ಟರು ಏನೆಂದರು ಎಂದು ಕೇಳಿದ್ದೆಯಲ್ಲ. ಒಬ್ಬರನ್ನೇ ಒಲೆಯ ಹತ್ತಿರ ಬಿಡಬೇಡಿ ಎಂದರು. ನಮ್ಮ ಲೀನಾಳೂ ಫೋನ್ ಮಾಡಿದಾಗಲೆಲ್ಲ "ಅಮ್ಮಾ, ಪ್ಲೀಸ್, ಕಿಚನ್ ಲಾಕ್ ಮಾಡು" ಅನ್ನುತ್ತಾಳೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ರಿಟೈರ್ ಆದಮೇಲೆ ಇವರಿಗಿರುವುದು ಹಿತ್ತಲು ಮತ್ತು ಅಡುಗೆ. ಅದನ್ನೂ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಕಣೇ.

ಈ ವರ್ಷ ರಬಾರ್ಬರ್ ಹುಚ್ಚೆದ್ದು ಬೆಳೆದಿದೆ. ಇಲ್ಲಿಯವರು ಸಕ್ಕರೆ ಸುರಿದು ಕೇಕ್ ಮಾಡುವ ಕೆಂಪು ಹುಳಿದಂಟು ಅದು. ನಮ್ಮ ಮನೆಯಲ್ಲಿ ಹುಣಸೆಹಣ್ಣಿನ ಕೆಲಸಕ್ಕೆ ಸೇರಿಕೊಂಡಿದೆ. ನಿನ್ನೆ ಗೊಜ್ಜು, ಮೊನ್ನೆ ಸಾರು, ಅದರ ಹಿಂದಿನ ದಿನ ಚಟ್ನಿ. ನನ್ನ ಹಲ್ಲೆಲ್ಲ ಜುಮ್ಮೆನ್ನುತ್ತಿದೆ. ದಂಟನ್ನು ಕೊಯ್ಯಬಾರದು, ತಿರುಚಿ ಕೀಳಬೇಕು. ಜೂನ್ ಇಪ್ಪತ್ನಾಲ್ಕರ ನಂತರ ಮುಟ್ಟಲೇಬಾರದು ಎಂದು ಪಕ್ಕದ ಮನೆಯ ಫ್ರಾವ್ ಹೂಬರಳ ಕಟ್ಟಪ್ಪಣೆ. ಇವರು ಬಿಡುತ್ತಾರೆಯೇ? ಇಪ್ಪತ್ತೈದಕ್ಕೆ ಏನಾಗುತ್ತದೆ, ಪುರಾವೆ ಎಲ್ಲಿ ಎಂದು ಬೇಲಿಯ ಮೇಲೆ ಬಗ್ಗಿ ವಾದಕ್ಕೆ ನಿಂತರು. ಆಕೆ ಸುಸ್ತಾಗಿ ಒಳಗೆ ಹೋದಳು, ಇವರು ಗೆದ್ದೆನೆಂದು ಬೀಗಿದರು. ಚಟ್ನಿ ಖಾರ ಎಂದರೂ "ಯಾವುದಕ್ಕೆ ಹೋಲಿಸಿದ್ರೆ?" ಅನ್ನುವ ಮನುಷ್ಯ, ನಿನಗೇ ಗೊತ್ತಲ್ಲ.

ಹೋದ ತಿಂಗಳು ಹೊಸದಾಗಿ ಬಂದ ಗಿರಿಧರ್ ದಂಪತಿಯನ್ನು ಊಟಕ್ಕೆ ಕರೆದಿದ್ದೆವು. ಅವನ ಹೆಂಡತಿ ಭೂಮಿಕಾ ಪುತ್ತೂರಿನ ಹುಡುಗಿ. ಮೊರದಗಲದ ರಬಾರ್ಬರ್ ಎಲೆ ನೋಡಿ, "ಅಂಕಲ್, ಥೇಟ್ ಕೆಸುವಿನ ಎಲೆ! ಪತ್ರೊಡೆಗೆ ಸೂಪರ್!" ಎಂದು ಕೈ ಹಾಕಿದ್ದೇ ತಡ, ಇವರು ಸೌಟು ಹಿಡಿದುಕೊಂಡೇ ಓಡಿದರು. "ಮುಟ್ಬೇಡಮ್ಮಾ! ಎಲೆ ವಿಷ. ದಂಟು ಮಾತ್ರ ತಿನ್ನೋದು!" ಆಮೇಲೆ ಆಕ್ಸಾಲಿಕ್ ಆಸಿಡ್ ಬಗ್ಗೆ ಪಾಠ. ಅನ್ನ ಆರಿತು, ಗಿರಿಧರ್ ಆಕಳಿಸಿದ, ಪಾಠ ಮುಗಿಯಲಿಲ್ಲ. ನನಗೋ ಹೆಮ್ಮೆ. ಡಾಕ್ಟರೂ ಅಲ್ಲಿರಬೇಕಿತ್ತು ಅನ್ನಿಸಿತು.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಮಕ್ಕಳು ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ ಅಕ್ಕ,
ಉಷಾ

ತಾ.ಕ.: ಕಳೆದ ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇವರು ಪತ್ರೊಡೆ ಬೇಯಿಸಿ ಇಳಿಸಿದ್ದರು. ನಮ್ಮತ್ತೆ ಮಾಡುತ್ತಿದ್ದ ಹಾಗೆಯೇ ಅಚ್ಚುಕಟ್ಟಾದ ಸುರುಳಿ. ಎಲೆ ಹಿತ್ತಲಿನದು. ಮೊದಲ ತುಂಡನ್ನು ನನ್ನ ತಟ್ಟೆಗೇ ಹಾಕಿದ್ದರು. ನಾನು ಬಾಯಿಗಿಡದೆ, ಉಪ್ಪು ಹೆಚ್ಚಾಗಿದೆ ಎಂದು ಹೇಳಿ ಎಲ್ಲವನ್ನೂ ಹಸಿಕಸದ ಡಬ್ಬಿಗೆ ಸುರಿದೆ. "ಹೌದಾ? ಸಾರಿ ಕಣೇ" ಎಂದರು. ಇನ್ನು ಇವರನ್ನು ಒಲೆಯ ಹತ್ತಿರ ಒಬ್ಬರನ್ನೇ ಬಿಡುವ ಹಾಗಿಲ್ಲ. ನನಗೆ ಅಳು ಬಂದದ್ದು ಅದಕ್ಕಲ್ಲ. ತಿನ್ನದೆಯೇ ಉಪ್ಪು ಹೆಚ್ಚೆಂದು ಹೇಗೆ ಗೊತ್ತಾಯಿತು ಎಂದು ಇವರು ಕೇಳಲೇ ಇಲ್ಲ, ವನಜಾ.