ಏಳನೇ ಸಾಲಿನ ವಿಳಾಸ

ಬಿಷ್ಕೆಕ್
೧೧ ಮಾರ್ಚ್ ೨೦೧೭, ಶನಿವಾರ

ಒಡಹುಟ್ಟದಿದ್ದರೂ ನನ್ನ ತಂಗಿಯಾದ ಯೂಶಾನ್‌ಗೆ,

ನೀನು ಓಶ್ ನಗರದಲ್ಲಿರುವ ನಿನ್ನ ಮಗಳ ಮನೆ ಸೇರಿ ನಾಲ್ಕು ದಿನವಾಯಿತು. ಒಂದು ಫೋನೂ ಮಾಡದ ಈ ಪೇಯುನ್ ಅಕ್ಕ ಈಗ ಕಾಗದ ಕಳಿಸುತ್ತಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿತೇ ಎಂದು ನಗಬೇಡ. ಫೋನಿನಲ್ಲಿ ಆಡಿದ ಮಾತು ಯಾರ ಕಿವಿಗೆ ಬೀಳುತ್ತದೋ ಎಂಬ ಹೆದರಿಕೆ ಒಂದು ಕಡೆ. ನಿನ್ನ ದನಿ ಕೇಳಿದರೆ ಏನಾದರೊಂದು ಸುಳ್ಳು ಹೇಳಿ ತಪ್ಪಿಸಿಕೊಂಡುಬಿಡುತ್ತೇನೆ ಎಂಬ ಹೆದರಿಕೆ ಇನ್ನೊಂದು ಕಡೆ. ಅದಕ್ಕೇ ಟ್ಯಾಕ್ಸಿಯ ಬಕಿತ್ ಕೈಯಲ್ಲಿ ಈ ಲಕೋಟೆ ಕಳಿಸುತ್ತಿದ್ದೇನೆ. ಮಗಳ ಎದುರಿಗೆ ಓದಬೇಡ.

ಸುತ್ತಿ ಬಳಸಿ ಹೇಳಿದರೆ ನನಗೆ ಧೈರ್ಯ ಉಳಿಯುವುದಿಲ್ಲ. ನೂಡಲ್ಸ್ ಅಂಗಡಿಯ ಗೆಂಗ್ ಅಣ್ಣ ಏನೂ ಮಾಡಿಲ್ಲ. ಊರಿನಲ್ಲಿ ನಿನ್ನ ಅಪ್ಪನ ಮನೆ ಬಾಗಿಲಿಗೆ ಆ ಇಬ್ಬರು ಸರ್ಕಾರಿ ಅಧಿಕಾರಿಗಳು ಬರುವಂತೆ ಮಾಡಿದ್ದು ನಾನು.

ಓದಿದೆಯಾ? ಇನ್ನೊಂದು ಸಲ ಓದು. ನಾನೂ ಈ ಸಾಲು ಬರೆದು ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ನನ್ನ ಕೈಯೇ ಬರೆದದ್ದು ಎಂದು ಇನ್ನೂ ನಂಬಿಕೆ ಬರುತ್ತಿಲ್ಲ.

ಮಂಗಳವಾರ ದೊರ್ದೊಯ್ ಬಜಾರಿನಲ್ಲಿ ನಿನ್ನ ಕಂಟೇನರ್ ಅಂಗಡಿ ಖಾಲಿ ಮಾಡುವಾಗ ಕಾಲ್ಚೀಲದ ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದವಳು ನಾನು. ಅಪ್ಪನ ಮಣ್ಣಾದ ಮೇಲೆ ನಿನ್ನ ತಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ನೀನು ಅಳುತ್ತ ನನಗೆ ಹೇಳಿದೆ. ಆ ಇಬ್ಬರು ಮೂರು ಸಲ ಬಂದಿದ್ದರಂತೆ. ಚಹಾ ಕುಡಿದು, ಬಹಳ ಮರ್ಯಾದೆಯಿಂದ, ಒಂದು ಹಾಳೆ ನೋಡಿಕೊಂಡು ಓದಿ ಹೇಳಿದ್ದರಂತೆ: "ಏಳನೇ ಸಾಲಿನ ಮೂವತ್ತೆಂಟನೇ ಅಂಗಡಿಯ ನಿಮ್ಮ ಮಗಳು ಹಿಂಗಂದಿದಾಳೆ. ನಮ್ಮೂರ ನದಿ ನಾರ್ತಾ ಇದೆ, ಬಾತುಕೋಳಿ ಸಾಯ್ತಾ ಇವೆ, ಪತ್ರಿಕೆಯೋರು ಮಾತ್ರ ಬರೀ ಹೂವು ತೋರಿಸ್ತಾರೆ ಅಂತ. ಯಜಮಾನ್ರೇ, ಹೊರದೇಶದಲ್ಲಿ ಕೂತು ಊರಿನ ಮಾನ ಕಳೀಬಾರ್ದು ಅಂತ ಸ್ವಲ್ಪ ಬುದ್ಧಿ ಹೇಳಿ."

ನೀನು ಆಗ ಅಂಗೈಯಿಂದ ನಿನ್ನ ಬಾಯಿಗೇ ಹೊಡೆದುಕೊಂಡೆ. "ನಾನ್ ಯಾವಾಗ ಹಂಗಂದೆ ಅಕ್ಕಾ? ನೆನಪೇ ಇಲ್ವಲ್ಲ! ಈ ಹಾಳು ಬಾಯಿಗೆ ಬೆಂಕಿ ಹಾಕ!" ಎಂದೆ. ನಾನು ನಿನ್ನ ಕೈ ಹಿಡಿದುಕೊಂಡೆ. ನಾನೂ ಅಳುತ್ತಿದ್ದೇನೆ ಎಂದು ನೀನು ತಿಳಿದೆ. ನಾನು ಅಳುತ್ತಿರಲಿಲ್ಲ ಯೂಶಾನ್. ನನ್ನ ಕಿವಿ ಆ ಏಳನೇ ಸಾಲಿನ ಹತ್ತಿರವೇ ನಿಂತುಹೋಗಿತ್ತು.

ನೀನು ಏಳನೇ ಸಾಲು ಬಿಟ್ಟು ಎರಡು ವರ್ಷವಾಗಿಲ್ಲವೇ? ಸೂರು ಸೋರುತ್ತದೆ ಎಂದು ಜಗಳವಾಡಿಕೊಂಡು ಒಂಬತ್ತನೇ ಸಾಲಿಗೆ ಬಂದವಳು ನೀನು. ಬಜಾರಿನಲ್ಲಿ ಈಗ ನಿನ್ನನ್ನು ಏಳನೇ ಸಾಲಿನವಳು ಎನ್ನುವವರು ಯಾರಿದ್ದಾರೆ? ಗೆಂಗ್ ಅಣ್ಣ ಇಲ್ಲಿಗೆ ಬಂದು ನೂಡಲ್ಸ್ ಅಂಗಡಿ ಹಾಕಿದ್ದೇ ಹೋದ ವರ್ಷದ ವಸಂತದಲ್ಲಿ. ಏಳನೇ ಸಾಲಿನಲ್ಲಿ ನೀನಿದ್ದೆ ಎಂಬುದು ಆ ಮನುಷ್ಯನಿಗೆ ಗೊತ್ತಾಗುವುದಾದರೂ ಹೇಗೆ? ಆ ಹಳೆಯ ವಿಳಾಸ ಉಳಿದಿರುವುದು ಒಂದೇ ಕಡೆ. ನಮ್ಮ 'ದೂರದ ದೀಪ' ವಾರಪತ್ರಿಕೆಯ ಚಂದಾದಾರರ ಪಟ್ಟಿಯಲ್ಲಿ. ಪತ್ರಿಕೆ ಇವತ್ತಿಗೂ ಹಳೆಯ ಅಂಗಡಿಗೇ ಬೀಳುತ್ತದೆ, ಅಲ್ಲಿನ ಗುಂಡಿ ಮಾರುವ ಹೆಂಗಸು ನಿನಗೆ ತಂದುಕೊಡುತ್ತಾಳೆ. ತಿದ್ದುತ್ತೇನೆ, ತಿದ್ದುತ್ತೇನೆ ಎಂದು ನಾನು ಎರಡು ವರ್ಷ ತಿದ್ದಲಿಲ್ಲ. ನನ್ನ ಸೋಮಾರಿತನ ನಿನಗೆ ಗೊತ್ತಲ್ಲ.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುತ್ತಲೇ ಹೋಗಿ ಹಸಿರು ಕಡತ ತೆಗೆದೆ.

ನಮ್ಮ ಪತ್ರಿಕೆ ನಡೆಯುವ ಬಗೆ ನಿನಗೆ ಅರ್ಧ ಗೊತ್ತು. ಎಂಟು ಪುಟದಲ್ಲಿ ಐದು ಪುಟ ಊರ ಕಡೆಯ ಸರ್ಕಾರಿ ಪತ್ರಿಕೆಯಿಂದ ಸಿದ್ಧವಾಗಿ ಬರುತ್ತವೆ, ಪುಕ್ಕಟೆ. ನಾವು ತುಂಬುವುದು ಮೂರೇ ಪುಟ: ಬಜಾರಿನ ಸುದ್ದಿ, ಸುಂಕದ ಸುದ್ದಿ, ಮದುವೆ ಸಾವಿನ ಪ್ರಕಟಣೆ. ನಿನಗೆ ಗೊತ್ತಿಲ್ಲದ ಅರ್ಧ ಇದು. ಆ ಐದು ಪುಟಗಳ ಜೊತೆಗೆ ತಿಂಗಳಿಗೊಂದು ನಮೂನೆಯೂ ಬರುತ್ತದೆ. ಓದುಗರ ಅಭಿಪ್ರಾಯ ಎಂದು ತಲೆಬರಹ. ಯಾರು ಓದುತ್ತಾರೆ, ಎಲ್ಲಿಯವರು, ಏನು ಹಿಡಿಸಿತು, ಏನು ಹಿಡಿಸಲಿಲ್ಲ. ಅದನ್ನು ತುಂಬಿ ಕಳಿಸುವ ಕೆಲಸ ಹನ್ನೊಂದು ವರ್ಷದಿಂದ ನನ್ನದು.

ಬೇರೆ ಯಾರಾದರೂ ಆಗಿದ್ದರೆ ಎಲ್ಲರಿಗೂ ಸಂತೋಷ ಎಂದು ಗೀಚಿ ಕಳಿಸುತ್ತಿದ್ದರು. ನನಗೆ ನನ್ನ ಅಕ್ಷರದ ಜಂಬ, ನನ್ನ ಓದುಗರ ಜಂಬ. ನಮ್ಮವರು ಬರೀ ಕಾಲ್ಚೀಲ ಮಾರುವವರಲ್ಲ, ಪತ್ರಿಕೆ ಹಿಡಿದು ವಾದ ಮಾಡುವವರು ಎಂದು ಅಲ್ಲಿನವರಿಗೆ ತೋರಿಸುವ ಹುಚ್ಚು. ಹೆಸರು, ಹುಟ್ಟೂರು, ಅಪ್ಪನ ಹೆಸರು, ಅಂಗಡಿ ಸಂಖ್ಯೆ, ಎಲ್ಲವನ್ನೂ ಮುದ್ದಾಗಿ ಬರೆದು ಕಳಿಸುತ್ತಿದ್ದೆ. ಊರಿಗೆ ಕಾಗದ ಬರೆಯುವ ಹಾಗೆ, ಪ್ರೀತಿಯಿಂದ.

ಕಳಿಸಿದ ನಮೂನೆಗಳ ನಕಲುಗಳೆಲ್ಲ ಆ ಹಸಿರು ಕಡತದಲ್ಲಿವೆ. ಹೋದ ಸೆಪ್ಟೆಂಬರಿನ ನಕಲು ಪ್ರತಿಯಲ್ಲಿ ನೀನು ಇದ್ದೀಯ. ಏಳನೇ ಸಾಲು, ಮೂವತ್ತೆಂಟು. ಅದರ ಕೆಳಗೆ ನದಿ, ಬಾತುಕೋಳಿ, ಹೂವು. ಆ ಇಬ್ಬರು ಓದಿದ ಮಾತು, ಒಂದಕ್ಷರ ಆಚೀಚೆ ಇಲ್ಲ. ಮೇಜು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟೆ. ಯಾರದೋ ಕೈಬರಹವಿರಬಹುದು ಎಂದು ನಾಲ್ಕು ಸಲ ನೋಡಿದೆ ಕಣೇ. ನನ್ನದೇ.

ಅಕ್ಟೋಬರಿನಲ್ಲಿ ನಾವು ಕುಣಿದದ್ದು ನೆನಪಿದೆಯಾ? ಐದನೇ ಪುಟದಲ್ಲಿ ನಿನ್ನ ಊರಿನ ನದಿಯ ಬಣ್ಣದ ಚಿತ್ರ ಬಂತು. ನೀರು ಕನ್ನಡಿ, ದಡದಲ್ಲಿ ಬಿಳೀ ಬಾತುಕೋಳಿ. "ನೋಡಿದ್ಯಾ, ನಮ್ಮ ಮಾತು ಕೇಳೋರು ಅಲ್ಲೂ ಇದಾರೆ!" ಎಂದು ನಾನೇ ಪತ್ರಿಕೆ ಎತ್ತಿ ಹಿಡಿದುಕೊಂಡು ನಿನ್ನ ಅಂಗಡಿಗೆ ಓಡಿಬಂದೆ. ನೀನು ಅದನ್ನು ಕತ್ತರಿಸಿ ಬಾಗಿಲ ಒಳಮೈಗೆ ಅಂಟಿಸಿದೆ. ಅದರ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಉತ್ತರ ಕೊಡಲಿಲ್ಲ. ಅವರ ಮನೆಗೆ ಮೊದಲ ಸಲ ಆ ಇಬ್ಬರು ಬಂದು ಹೋಗಿದ್ದು ಅದೇ ವಾರ. ನಮ್ಮ ಹೊಸ ವರ್ಷದ ಹಬ್ಬಕ್ಕೆ ಬರುತ್ತೇನೆ ಎಂದು ನೀನು ಹೇಳಿದಾಗ ಅಪ್ಪ, ಇಲ್ಲಿ ಚಳಿ ಜಾಸ್ತಿ, ಬರಬೇಡ, ಫೋನೂ ಮಾಡಬೇಡ ಎಂದರು. ನೀನು ಮುನಿಸಿಕೊಂಡೆ. ಅಪ್ಪನಿಗೆ ಮಗಳು ಬೇಡವಾದಳು ಎಂದೆ. ಹಬ್ಬ ಕಳೆದು ಹತ್ತು ದಿನಕ್ಕೆ ಅವರು ಹೋದರು. ಹೆಣದ ಮುಂದೆ ಮಂಡಿಯೂರಬೇಕಾದ ಹಿರಿ ಮಗಳು ಕಾಲ್ಚೀಲದ ಮೂಟೆಗಳ ನಡುವೆ ಪೂರ್ವಕ್ಕೆ ಮುಖ ಮಾಡಿ ಹಣೆ ಊರಿದಳು. ನಿನ್ನ ಪಕ್ಕದಲ್ಲಿ ಬೆನ್ನು ಸವರುತ್ತ ಕೂತಿದ್ದವಳು ನಾನು. ಎಂಥ ಕೆಲಸವಾಗಿ ಹೋಯಿತು ನನ್ನ ಕೈಯಿಂದ!

ಇನ್ನು ಗೆಂಗ್ ಅಣ್ಣನ ಮಾತು. ನಿನ್ನ ಮೇಲೆ ಊರಿನಲ್ಲಿ ಯಾರೋ ಚಾಡಿ ಹೇಳಿದ್ದಾರಂತೆ ಎಂದು ನವೆಂಬರಿನಲ್ಲಿ ನಿನ್ನ ತಮ್ಮ ಮೊದಲು ಬಾಯಿಬಿಟ್ಟಾಗ ಗೆಂಗ್ ಹೆಸರು ತೆಗೆದವಳೂ ನಾನೇ. ನಾವು ಅವನ ಅಂಗಡಿಯಲ್ಲೇ ಕೂತು ಊರಿನ ಸುದ್ದಿ ಮಾತಾಡುತ್ತಿದ್ದೆವು, ಅವನು ಆಗಷ್ಟೇ ಊರಿಗೆ ಹೋಗಿ ಬಂದಿದ್ದ. "ಚಹಾ ಹಾಕೋ ನೆಪದಲ್ಲಿ ಕಿವಿ ನಿಮಿರಿಸ್ಕೊಂಡು ನಿಂತಿದ್ದ ನೋಡು" ಎಂದೆ. ಅಷ್ಟೇ ಸಾಕಾಯಿತು. ಮೂರು ದಿನದಲ್ಲಿ ಅವನ ಬೆಂಚುಗಳು ಖಾಲಿ. ಬಜಾರಿನ ಹಿರಿಯರು ಸೇರಿ, ನಮ್ಮಲ್ಲಿ ನಡೆದು ಬಂದ ಹಾಗೆ ಪತ್ರಿಕೆಯಲ್ಲಿ ಹೆಸರು ಹಾಕಿ ಕ್ಷಮೆ ಕೇಳಲಿ, ಅಲ್ಲಿಗೆ ಮುಗಿಯಿತು ಎಂದು ತೀರ್ಮಾನ ಮಾಡಿದರು. ಆ ಕ್ಷಮಾಪಣೆಯನ್ನು ಬರೆದುಕೊಟ್ಟವಳೂ ನಾನೇ! ಅವನು ಅದನ್ನು ಓದಿ ಮಡಚಿ ನನ್ನ ಕೈಗೇ ಇಟ್ಟ. "ಮಾಡದ ತಪ್ಪಿಗೆ ಹಾಕ್ಲಿ ಅಂತ ನಮ್ಮಪ್ಪ ನನಗೆ ಹೆಸರಿಟ್ಟಿಲ್ಲ, ಪೇಯುನ್ ಅಮ್ಮ" ಎಂದ. ಸೊಕ್ಕು ನೋಡು ಇವನದು ಎಂದು ನಾನು ಬಜಾರಿಗೆಲ್ಲ ಸಾರಿಕೊಂಡು ಬಂದೆ.

ಬುಧವಾರ ಹನ್ನೊಂದು ಗಂಟೆಗೆ ನಮ್ಮ ಸಂಪಾದಕರು ಹಾನ್ ಸರ್ ಬಂದರು. ನಕಲು ಪ್ರತಿಯನ್ನು ಅವರ ಮುಂದೆ ಹಿಡಿದೆ. ಅವರ ಮುಖದಲ್ಲಿ ಆಶ್ಚರ್ಯವೇ ಇಲ್ಲ! ಅದನ್ನು ನೋಡಿ ನನಗೆ ಎರಡನೇ ಸಲ ಸಿಡಿಲು ಬಡಿಯಿತು.

"ಎಲ್ಲಾ ಪತ್ರಿಕೆಗೂ ಕಳಿಸ್ತಾರೆ ಪೇಯುನ್" ಎಂದರು. "ಪುಟ ಪುಕ್ಕಟೆ ಬರತ್ತೆ, ಏನಾದ್ರೂ ತುಂಬಬೇಕಲ್ಲ. ಎಲ್ಲರೂ ಚೆನ್ನಾಗಿದಾರೆ ಅಂತ ಎರಡು ಸಾಲು ಬರಿ ಅಂತ ಮೊದಲ ದಿನಾನೇ ಹೇಳಿದ್ದೆ. ನೀನು ಪುರಾಣ ಬರೀತಾ ಹೋದೆ."

"ಯಾಕೆ ಅಂತ ಹೇಳ್ಲಿಲ್ವಲ್ಲ ಸರ್! ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚೀಲಿ ಕೂತು ಗೊತ್ತಿದ್ದೂ ಸುಮ್ನಿದ್ರಾ?"

"ಗೊತ್ತು ಅಂತಲ್ಲ. ಗೊತ್ತಿಲ್ಲ ಅಂತಾನೂ ಅಲ್ಲ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಬಂದ ಸಿಟ್ಟಿಗೆ ಆ ಕನ್ನಡಕವನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕು ಅನ್ನಿಸಿತು. ಆದರೆ ಅಕ್ಷರ ಅವರದ್ದಲ್ಲವಲ್ಲ, ನನ್ನದು.

ಗುರುವಾರ ಗೆಂಗ್ ಅಣ್ಣನಲ್ಲಿಗೆ ಹೋದೆ. ಹಿಟ್ಟು ಎಳೆಯುತ್ತಿದ್ದ, ತಿನ್ನುವವರು ಯಾರೂ ಇಲ್ಲದಿದ್ದರೂ. ಎಲ್ಲ ಹೇಳಿದೆ. ಎಳೆ ಕೈಯಲ್ಲಿ ಹಾಗೇ ಜೋತುಬಿತ್ತು. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ನನ್ನ ಕಿವೀಲಿ ಹೇಳಿದ್ರೆ ಏನ್ ಬಂತು? ನನ್ನ ಹೆಸರು ಕೆಡಿಸಿದ್ದು ಬಜಾರಲ್ಲಿ. ಅಲ್ಲೇ ಹೇಳಿ" ಎಂದ. ಈ ತಿಂಗಳ ಕೊನೆಗೆ ಅಂಗಡಿಯ ಬೀಗದ ಕೈ ವಾಪಸು ಕೊಡುತ್ತಾನಂತೆ.

ಅದಕ್ಕೇ ನಿನ್ನೆಯ ಸಂಚಿಕೆಯ ಬಜಾರಿನ ಪುಟದಲ್ಲಿ, ನಡುವೆ, ಕಪ್ಪು ಚೌಕಟ್ಟು ಹಾಕಿ ನನ್ನ ಹೆಸರಿನಲ್ಲಿ ಕ್ಷಮಾಪಣೆ ಅಚ್ಚು ಮಾಡಿದೆ. ನೂಡಲ್ಸ್ ಅಂಗಡಿಯ ಗೆಂಗ್ ಅವರ ಮೇಲೆ ನಾನು ಹೊರಿಸಿದ ಆರೋಪ ಸುಳ್ಳು, ತಪ್ಪು ನನ್ನದು, ತಲೆ ಬಾಗಿಸಿ ಕ್ಷಮೆ ಕೇಳುತ್ತೇನೆ, ಚೌ ಪೇಯುನ್. ಇಷ್ಟೇ. ಅಚ್ಚಿಗೆ ಹೋಗುವ ಮುಂಚೆ ಹಾನ್ ಸರ್ ಓದಿ, ಏನು ತಪ್ಪು ಅಂತ ಬರೆದಿಲ್ಲವಲ್ಲ ಎಂದರು. ಬರೆದರೆ ಆ ಇಬ್ಬರು ಯೂಶಾನ್ ತಮ್ಮನ ಮನೆಗೆ ಮತ್ತೆ ಚಹಾ ಕುಡಿಯಲು ಹೋಗುತ್ತಾರೆ ಎಂದೆ. ಪೆನ್ನು ತೆಗೆದು ಸಹಿ ಹಾಕಿದರು.

ಆದರೆ ಬಜಾರು ನಂಬಲಿಲ್ಲ ಯೂಶಾನ್. ಏನು ತಪ್ಪು ಎಂದು ಹೇಳದ ಕ್ಷಮೆಯನ್ನು ಯಾರು ನಂಬುತ್ತಾರೆ? "ಗೆಂಗ್ ಏನೋ ಹೆದರಿಸಿರ್ಬೇಕು ಈಯಮ್ಮನ್ನ" ಎನ್ನುತ್ತಿದ್ದಾರೆ. ಕೆಲವರು ಪತ್ರಿಕೆಯ ಆ ಪುಟದಲ್ಲೇ ಕಡಲೆಬೀಜ ಸುತ್ತಿಸಿಕೊಂಡು ಹೋದರು. ನೋವು ತಿಂದವಳು ನೀನು, ನೀನು ಹೇಳಿದರೆ ಮಾತ್ರ ನಂಬುತ್ತಾರೆ. ಬಕಿತ್ ಸೋಮವಾರ ವಾಪಸು ಹೊರಡುತ್ತಾನೆ. ನದಿಯ ಮಾತು ಬೇಡ, ನನ್ನ ಮಾತೂ ಬೇಡ. ಗೆಂಗ್ ಅಣ್ಣನ ಮೇಲೆ ನನಗೆ ಯಾವ ಅನುಮಾನವೂ ಇಲ್ಲ ಎಂದು ಒಂದು ಸಾಲು ನಿನ್ನ ಕೈಯಲ್ಲಿ ಬರೆದು, ಹೆಬ್ಬೆಟ್ಟೊತ್ತಿ ಕಳಿಸು. ಅವನ ಅಂಗಡಿ ಬಾಗಿಲಿಗೆ ನಾನೇ ಅಂಟಿಸುತ್ತೇನೆ, ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಓದಿ ಹೇಳುತ್ತೇನೆ. ಯಾರು ಉಗಿದರೂ ಉಗಿಸಿಕೊಳ್ಳುತ್ತೇನೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳುವ ಮುಖವೂ ಇಲ್ಲ. ಕಚೇರಿಯ ಬೀಗದ ಕೈಯನ್ನು ನಿನ್ನೆಯೇ ಹಾನ್ ಸರ್ ಮೇಜಿನ ಮೇಲಿಟ್ಟು ಬಂದೆ. ಹಸಿರು ಕಡತವನ್ನು ಮಾತ್ರ ಅಲ್ಲಿ ಬಿಡಲಿಲ್ಲ, ಮನೆಗೆ ತಂದಿದ್ದೇನೆ. ಅದರಲ್ಲಿ ಇನ್ನೂ ನೂರಾರು ಹೆಸರುಗಳಿವೆ. ಅವರಲ್ಲಿ ಯಾರ ಅಪ್ಪನ ಮನೆಗೆ ಯಾರು ಹೋಗಿದ್ದರೋ, ನಾಳೆಯಿಂದ ಒಬ್ಬೊಬ್ಬರನ್ನೇ ಕಂಡು ಕೇಳಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳಿಗೆ ನನ್ನ ನೆನಪು ಹೇಳು, ಹೇಳಬೇಕು ಅನ್ನಿಸಿದರೆ.

ಇನ್ನೂ ಅಕ್ಕ ಎನ್ನುತ್ತೀಯೋ ಇಲ್ಲವೋ ತಿಳಿಯದ,
ಪೇಯುನ್

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಒಂದು ಮಾತನ್ನು ನುಂಗಿಕೊಂಡಿದ್ದೆ. ನಿನಗೆ ನೆನಪಿಲ್ಲದ್ದು ನಿನ್ನ ಮರೆವಲ್ಲ ಯೂಶಾನ್. ನೀನು ಹಾಗೆ ಅಂದೇ ಇರಲಿಲ್ಲ. ಅವತ್ತು ಗೆಂಗ್ ಅಣ್ಣನ ಬೆಂಚಿನ ಮೇಲೆ ಕೂತು ನೀನು ಹೇಳಿದ್ದು, ಅಪ್ಪನ ಬಾತುಕೋಳಿಗಳು ಸತ್ತವಂತೆ, ಪಾಪ, ಅಷ್ಟೇ. ನದಿ ನಾರುತ್ತದೆ, ನಮ್ಮ ಪತ್ರಿಕೆಯವರು ಬರೀ ಹೂವು ತೋರಿಸುತ್ತಾರೆ ಎಂದು ಮೇಜು ಕುಟ್ಟಿದವಳು ನಾನು. ಪತ್ರಿಕೆಯ ಸಿಬ್ಬಂದಿಯ ಮಾತನ್ನು ಆ ನಮೂನೆಯಲ್ಲಿ ಬರೆಯುವ ಹಾಗಿರಲಿಲ್ಲ, ಓದುಗರ ಹೆಸರೇ ಬೇಕಿತ್ತು. ನನ್ನ ಮಾತು ಚೆನ್ನಾಗಿದೆ, ಅಲ್ಲಿಯವರು ಓದಲಿ ಅನ್ನಿಸಿತು. ನಿನ್ನ ಹೆಸರು ಹಾಕಿದೆ. ಸಾಯುವವರೆಗೂ ನಿನ್ನ ಅಪ್ಪ ಅದು ಮಗಳ ಬಾಯಿಂದ ಬಂದದ್ದೆಂದೇ ನಂಬಿದ್ದರು. ಇನ್ನು ಮೇಲೆ ನಿನ್ನ ಬಾಯಿಗೆ ಹೊಡೆದುಕೊಳ್ಳಬೇಡ.