ನನ್ನ ಕೈಗೆ ತಕ್ಕ ಕೊಡಲಿ

ಅಪ್ಪ,

ಇವತ್ತು ನಾನೇ ಹೋಗಿ ಸೌದೆ ಸೀಳುವ ಕೊಡಲಿ ತಂದೆ. ನಿನ್ನದನ್ನು ಎತ್ತಿ ನೋಡಿದ್ದೆ. ಹೆರಿಗೆಯಾದ ಮೇಲಿನ ಈ ಸೊಂಟ ಒಪ್ಪಲಿಲ್ಲ. ಅಂಗಡಿಯವನು ಮೊದಲು ತೆಳ್ಳನೆಯ, ಹರಿತವಾದದ್ದನ್ನು ತೋರಿಸಿದ. ಅದು ಮರ ಕಡಿಯಲು ಸರಿ, ಸೀಳಲು ಹೋದರೆ ಕೊರಡಿನಲ್ಲಿ ಕಚ್ಚಿಕೊಳ್ಳುತ್ತದೆ ಎಂದು ನೀನು ಗೊಣಗುತ್ತಿದ್ದದ್ದು ನೆನಪಿತ್ತು. ದಪ್ಪ ಮೂತಿಯದ್ದನ್ನೇ ಕೇಳಿದೆ, ಆದರೆ ಹಗುರವಾದದ್ದು, ಗಿಡ್ಡ ಕಾವಿನದ್ದು. ಕೊಡಲಿಯ ತಲೆ ಕಾವಿನಿಂದ ಕಳಚಿ ಮಗುವಿನ ಕಡೆ ಹಾರಿಬಿಟ್ಟರೆ ಎಂಬ ಭಯಕ್ಕೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

“ಏನಮ್ಮಾ, ಕೊಡಲಿ ತಗೋತೀರೋ, ಗಿಲಕಿನೋ?” ಎಂದ ಅವನು.

ಇಷ್ಟೊಂದು ರಾತ್ರಿಗಳು ನಿದ್ದೆಗೆಟ್ಟ ಮೇಲೆ ಮೊದಲ ಸಲ ನಕ್ಕೆ.

ಮಗುವನ್ನು ಅಮ್ಮನ ಜೊತೆ ಒಳಗೆ ಬಿಟ್ಟು, ಬಾಗಿಲು ಹಾಕಿಸಿ, ಹಿತ್ತಲಲ್ಲಿ ಹೊಡೆದೆ. ಮೂರನೆಯ ಪೆಟ್ಟಿಗೆ ಕೊರಡು ಎರಡಾಯಿತು. ಆ ಸೌದೆಯಲ್ಲೇ, ನೀನು ನೋಡದೇ ಹೋದ ಮೊಮ್ಮಗಳಿಗೆ ಸ್ನಾನದ ನೀರು ಕಾಯಿಸಿದೆ.

“ಅಪ್ಪ ಸೀಳಿಟ್ಟಿದ್ದು ಇನ್ನೂ ಒಂದು ಹೊರೆ ಇದೆಯಲ್ಲೇ, ಏನಷ್ಟು ಅವಸರ ನಿಂಗೆ?” ಎಂದಳು ಅಮ್ಮ.

“ಅದು ಇರ್ಲಿ ಬಿಡಮ್ಮ” ಎಂದೆ.

ಸ್ವಲ್ಪ ಹೊತ್ತಿಗೆ ಅಮ್ಮ ತಾನೇ ಹೋಗಿ, ಆ ಹೊರೆಯ ಮೇಲೆ ಗೋಣಿಚೀಲ ಹೊದಿಸಿ ಬಂದಳು.