ಜಾಡಿ 112ರ ಪೈಪ್ ಫಿಶ್

ಮೇ 5, ಸೋಮವಾರ

ಇವತ್ತು ಕಾಲೇಜ್ ಮ್ಯೂಸಿಯಂನ ಹದಿನೆಂಟು ಜಾಡಿ ಮುಗೀತು. ಕಪ್ಪೆ, ಹಾವುರಾಣಿ, ಏಡಿ. ಲೇಬಲ್ ಓದು, ರಿಜಿಸ್ಟರಿಗೆ ಬರೆ, ಪಕ್ಕಕ್ಕಿಡು. ಜೂವಾಲಜಿಗೆ ಈ ವರ್ಷ ಅಡ್ಮಿಷನ್ ಮೂರೇ ಮೂರು, ಡಿಪಾರ್ಟ್‌ಮೆಂಟ್ ಮುಚ್ಚುತ್ತಾರೆ. ಮ್ಯೂಸಿಯಂ ರೂಮು ಬಿಬಿಎಯವರಿಗೆ. ನಾನೂ 31ಕ್ಕೆ ರಿಟೈರ್. ಇಬ್ಬರಿಗೂ ಸೇರಿ ಒಂದೇ ಹಾರ ಸಾಕು.

ಮೈತ್ರೇಯಿ 23ಕ್ಕೆ ವ್ಯಾನ್ ತರುತ್ತಾಳೆ. ನನ್ನ ಹಳೇ ಸ್ಟೂಡೆಂಟ್, ಈಗ ಒಂದು ರಿಸರ್ಚ್ ಸಂಸ್ಥೆಯಲ್ಲಿ ಮೀನುಗಳ ಸಂಗ್ರಹ ನೋಡಿಕೊಳ್ಳುತ್ತಾಳೆ. ಹೆಸರು-ವಿವರ ಇರುವುದನ್ನು ಒಯ್ಯುತ್ತಾಳೆ. ಉಳಿದದ್ದನ್ನು ಸುಡುತ್ತಾರೆ.

112ರಲ್ಲಿ ಒಂದು ಪೈಪ್ ಫಿಶ್, ಕಡ್ಡಿಯಂಥ ಮೀನು. ಗೇಣುದ್ದವೂ ಇಲ್ಲ. ಒಳಗಿನ ಲೇಬಲ್ ಬರೀ ಬಿಳಿ ಚೀಟಿ. ಭೀಮಪ್ಪನ ಕೆಲಸ — ನಮ್ಮ ಮ್ಯೂಸಿಯಂ ಅಟೆಂಡರ್, ರಿಟೈರ್ ಆಗಿ ಎರಡು ವರ್ಷ. 1999ರ ಇನ್‌ಸ್ಪೆಕ್ಷನ್‌ನಲ್ಲಿ ಇದೂ ಸೇರಿ ಹನ್ನೊಂದು ಖಾಲಿ ಲೇಬಲ್ ಸಿಕ್ಕಿದ್ದವು. ನಾನು ಕಂಪ್ಲೇಂಟ್ ಬರೆದೆ, ಪ್ರಿನ್ಸಿಪಾಲರು ಅವನಿಗೆ ಮೆಮೊ ಕೊಟ್ಟರು.

ಮೇ 7, ಬುಧವಾರ

ಬೆಳಗ್ಗೆಯಿಂದ 112. ಈ ಮೀನಿಗೆ ಮೈಯೆಲ್ಲ ಮೂಳೆಯ ಉಂಗುರ, ಮೊಣಕೈವರೆಗೂ ಬಳೆ ತೊಟ್ಟ ಹಾಗೆ. ಅದನ್ನು ಎಣಿಸಿಯೇ ಜಾತಿ ಹೇಳಬೇಕು. ಲೆನ್ಸ್ ಕೆಳಗಿಟ್ಟು ಸೂಜಿ ಮೊನೆಯಲ್ಲಿ ಎಣಿಸಿದೆ. ಹದಿನಾಲ್ಕು. ಟೀ ಕುಡಿದು ಬಂದು ಮತ್ತೆ — ಹದಿನೈದು. ಎದೆಯ ರೆಕ್ಕೆ ಇರುವ ಉಂಗುರವೇ ಒಂದನೆಯದು, ಅದನ್ನೇ ಬಿಟ್ಟಿದ್ದೆ. ಫಸ್ಟ್ ಇಯರ್ ಹುಡುಗರ ತಪ್ಪು.

ಮಗುಚಿ ನೋಡಿದರೆ ಬಾಲದ ಅಡಿ, ಎರಡು ಮಡಿಕೆಗಳ ನಡುವೆ ಮೊಟ್ಟೆ ಸಾಲು. ಅಂದರೆ ಗಂಡು. ಈ ವಂಶದಲ್ಲಿ ಬಸಿರು ಹೊರುವುದು ಗಂಡೇ. ಕೆಲವು ಜಾತಿಯಲ್ಲಿ ಹೊಟ್ಟೆಯಡಿ, ಕೆಲವದರಲ್ಲಿ ಬಾಲದಡಿ. ಇದು ಬಾಲದಡಿ, ಮೂತಿ ಗಿಡ್ಡ, ಉಂಗುರದ ಲೆಕ್ಕವೂ ಕೂಡುತ್ತೆ — ಇಕ್ತಿಯೋಕ್ಯಾಂಪಸ್ ಕಾರ್ಸೆ. ಖುಷಿಯಾಯಿತು. ಮೈತ್ರೇಯಿಗೆ ಫೋನ್ ಮಾಡಿದೆ.

"ಸಖತ್ ಸರ್. ಎಲ್ಲಿ ಹಿಡಿದಿದ್ದು? ಯಾವಾಗ?"

"ಗೊತ್ತಿಲ್ಲಮ್ಮ. ಕರಾವಳಿ ಟ್ರಿಪ್ ಹತ್ತು ಸಲ ಹೋಗಿದೀವಿ."

"ಊರು, ತಾರೀಕು ಇಲ್ಲದಿದ್ರೆ ಅದು ಬರೀ ಸತ್ತ ಮೀನು ಸರ್. ನೀವೇ ಹೇಳ್ಕೊಟ್ಟಿದ್ದು."

ಮೇ 8. ಬೆಳಗ್ಗೆ 11.20

ಲೇಬಲ್ ಹೊರಗೆ ತೆಗೆದು ಒಣಗಿಸಿ, ಟಾರ್ಚ್ ಓರೆಯಾಗಿ ಹಿಡಿದೆ. ಒತ್ತಿ ಬರೆದ ಗುರುತು ಉಳಿದಿದೆ. ಊರು-ತಾರೀಕಿನ ಸಾಲು ಕಾಗದ ಉಬ್ಬಿ ಹೋಗಿದೆ. "127 ಮಿ.ಮೀ." ಮಾತ್ರ ಸ್ಪಷ್ಟ.

ಏಳಕ್ಕೆ ಅಡ್ಡಗೆರೆ. ಇಡೀ ಕಾಲೇಜಿನಲ್ಲಿ ಏಳಕ್ಕೆ ಅಡ್ಡಗೆರೆ ಎಳೆಯುವವನು ನಾನೊಬ್ಬನೇ.

ಬಾಲ್ ಪೆನ್. ಸ್ಪಿರಿಟ್‌ಗೆ ಹಾಕಿದರೆ ಕರಗಿ ಹೋಗುತ್ತೆ. ಪೆನ್ಸಿಲ್‌ನಲ್ಲೇ ಬರೀರಿ ಅಂತ ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್‌ನಲ್ಲಿ ಬಡಕೊಳ್ಳುವವನೂ ನಾನೇ.

ಉಳಿದ ಹತ್ತು ಖಾಲಿ ಲೇಬಲ್‌ಗಳನ್ನೂ ಟಾರ್ಚ್ ಹಿಡಿದು ನೋಡಿದೆ. ಎಲ್ಲ ನನ್ನ ಅಕ್ಷರ.

ಮೇ 16, ಶುಕ್ರವಾರ

ಜಾಡಿ ಎಲ್ಲ ಮುಗಿದವು, 112 ಬಿಟ್ಟು. ದಿನಾ ಯಡಿಯೂರು ಕೆರೆಗೆ ಮೂರು ಸುತ್ತು ಹಾಕುತ್ತಿದ್ದೆ, ಈಗ ಐದು. ಭೀಮಪ್ಪನ ನಂಬರ್ ಇದೆ. ಮಾಡಿಲ್ಲ. ಆ ಮೆಮೊದಿಂದ 2004ರಲ್ಲಿ ಲ್ಯಾಬ್ ಅಸಿಸ್ಟೆಂಟ್ ಪೋಸ್ಟ್ ತಪ್ಪಿತು. ಅಟೆಂಡರ್ ಆಗಿ ಸೇರಿ ಅಟೆಂಡರ್ ಆಗೇ ಹೋದ.

ಹೆಂಡತಿ ಅನ್ನಪೂರ್ಣಗೆ ಹೇಳಿದೆ. ಒಗ್ಗರಣೆ ಹಾಕುತ್ತಲೇ ಅಂದಳು — "ಮೀನಿನ ನೆಪ ಬೇರೆ ಇದ್ಯಲ್ಲ. ಹೋಗ್ಬನ್ನಿ."

ಮೇ 18, ಭಾನುವಾರ

ಚಿಕ್ಕಲಸಂದ್ರ. ಎರಡನೇ ಮಹಡಿ. ಭೀಮಪ್ಪ ಬಾಗಿಲು ತೆಗೆದು, "ಬರ್ರಿ ಸರ, ಕುಂದರ್ರಿ" ಅಂದರು. ಮೀನಿನ ಫೋಟೊ ತೋರಿಸಿದೆ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಹೊನ್ನಾವರ ರೀ. ಶರಾವತಿ, ದೋಣಿ ಕಟ್ಟೂ ಕಡೆ. ನನ್ನ ಬಲಿಯಾಗ ಬಿದ್ದಿತ್ತು. ತೊಂಬತ್ತೆಂಟು, ಡಿಸೆಂಬರ್ ಹನ್ನೆರಡು."

"ಅಷ್ಟು ಕರೆಕ್ಟಾಗಿ ಹೇಗೆ?"

"ಅವತ್ತ ನನ್ನ ಮಗಳು ಹುಟ್ಟಿದ್ಲು. ಎಸ್‌ಟಿಡಿ ಬೂತಿಗೆ ಹೋಗಿ ಬಂದೆ. ನೀವು ಮೀನ ಹಿಡದು, ನೋಡು ಭೀಮಪ್ಪ, ಇವರಲ್ಲಿ ಗಂಡs ಹಡಿತೈತಿ, ನೀ ಪಾರಾದಿ ಅಂದ್ರಿ. ಹುಡುಗರೆಲ್ಲ ನಕ್ರು."

ಲೇಬಲ್ ಬರೆದದ್ದು ನಾನು ಅಂದೆ. ಹನ್ನೊಂದೂ.

"ಗೊತ್ತೈತ್ರಿ. ನಾ ಪೆನ್ಸಿಲ್ ಕೊಟ್ಟಿದ್ನಿ. ಮೊನಿ ಮುರೀತು, ನೀವು ಕಿಸೆದಾಗಿನ ಪೆನ್ ತಗದ್ರಿ."

"ಆಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ರಿ. ನಿಮಗs ಹೇಳಿದ್ನಿ."

ನನಗೆ ನೆನಪಿಲ್ಲ. ನಾಚಿಕೆಯಾಯಿತು. ಅವರ ಹೆಂಡತಿ ದಾನಮ್ಮ ಚಹಾ ತಂದಿಟ್ಟು ಒಳಗೆ ಹೋದರು, ನನ್ನ ಮುಖ ನೋಡಲಿಲ್ಲ. ಹೊರಡುವಾಗ ಭೀಮಪ್ಪ ಕೇಳಿದ್ದು ಒಂದೇ — "ಆ ಮೆಮೊ ಇನ್ನೂ ನನ್ನ ಸರ್ವೀಸ್ ಬುಕ್ಕಿನಾಗ ಐತೇನ್ರಿ?"

ಮೇ 20, ಮಂಗಳವಾರ

ಇದೆ. ಆಫೀಸಿನ ದಿನೇಶ್ ತೆಗೆದು ತೋರಿಸಿದ. ಕೆಳಗೆ ನನ್ನ ಕಂಪ್ಲೇಂಟನ್ನೂ ಅಂಟಿಸಿದ್ದಾರೆ, ತಾರೀಕಿನಲ್ಲಿ ಅಡ್ಡಗೆರೆಯ ಏಳು.

ತಪ್ಪು ನನ್ನದು ಅಂತ ಪ್ರಿನ್ಸಿಪಾಲರಿಗೆ ಲೆಟರ್ ಬರೆದುಕೊಟ್ಟೆ.

"ರಿಟೈರ್ ಆದೋರ್ ಸರ್ವೀಸ್ ಬುಕ್ ತಿದ್ದೋ ಹಾಗಿಲ್ಲ ಸಾರ್. ಬೇಕಾದ್ರೆ ಫೈಲಲ್ಲಿ ಇಡ್ತೀನಿ" ಅಂದ ದಿನೇಶ್.

ಇಡು ಅಂದೆ. ಭೀಮಪ್ಪನವರಿಗೆ ಒಂದು ಕಾಪಿ ಸ್ಪೀಡ್ ಪೋಸ್ಟ್ ಮಾಡಿದೆ. ಇಷ್ಟರಿಂದ ಏನೂ ವಾಪಸ್ ಬರುವುದಿಲ್ಲ, ಗೊತ್ತು.

ಮೇ 22, ಗುರುವಾರ. ಸಂಜೆ 4

ನಾಳೆ ವ್ಯಾನ್. ನೆನಪಿನಿಂದ ಹೇಳಿದ್ದು ಅಂತ ಬರೆದರೆ ಸಾಕು, ತಗೋತೀನಿ ಅಂದಳು ಮೈತ್ರೇಯಿ.

ಹೊಸ ಲೇಬಲ್. ಪೆನ್ಸಿಲ್ ಎರಡು ಸಲ ಕೆತ್ತಿದೆ.

ಇಕ್ತಿಯೋಕ್ಯಾಂಪಸ್ ಕಾರ್ಸೆ. ಗಂಡು, ಮೊಟ್ಟೆಸಹಿತ. 127 ಮಿ.ಮೀ. ಶರಾವತಿ, ಹೊನ್ನಾವರ. 12-12-1998. ಸ್ಥಳ, ತಾರೀಕು ಸಂಗ್ರಾಹಕರ ನೆನಪಿನಿಂದ.

ಸಂಗ್ರಹಿಸಿದವರು — ಕೈ ತಾನಾಗಿ ನನ್ನ ಹೆಸರನ್ನೇ, "ಶಶಿ" ಅಂತ ಬರೆದುಬಿಟ್ಟಿತು. ರಬ್ಬರ್ ತಗೊಂಡು ಅಳಿಸಿದೆ. ಭೀಮಪ್ಪ.

ಮೈತ್ರೇಯಿಯ ಸಂಸ್ಥೆಯ ಫಾರಂನಲ್ಲಿ ಸಂಗ್ರಹಿಸಿದವರ ಪೂರ್ತಿ ಹೆಸರು ಕೇಳಿದ್ದಾರೆ, ಇನಿಶಿಯಲ್ ಸಮೇತ. ಇಪ್ಪತ್ತೇಳು ವರ್ಷ ಒಂದೇ ರೂಮಿನಲ್ಲಿ ಕೆಲಸ ಮಾಡಿದವರು. ಇನಿಶಿಯಲ್ ನನಗೆ ಗೊತ್ತಿಲ್ಲ.

ಸ್ಪೀಕರ್ ಹಾಕಿ ಫೋನ್ ಮಾಡಿದ್ದೇನೆ. ಪೆನ್ಸಿಲ್ ಕೈಯಲ್ಲೇ ಇದೆ. ರಿಂಗ್ ಆಗುತ್ತಿದೆ. ಎತ್ತಿದರು — ದಾನಮ್ಮ. ಯಾರು ಅಂತ ಕೇಳ್ತಿದ್ದಾರೆ. ನಾನು —